ಹೊತ್ತು ಮುಳುಗುವ ಮುಂಚಿನ ಸಿಟ್ಟು

ಸಂಜೆ ಐದೂವರೆಯಾದರೆ ಸಾಕು, ನನಗೆ ಹಸಿವಾಗುತ್ತದೆ. ಹಸಿವಿನ ಬೆನ್ನಿಗೇ ಸಿಟ್ಟು ಬರುತ್ತದೆ. ಆ ಹೊತ್ತಿಗೆ ನಾನು ಇತಿಹಾಸ ಕಲಿಸುವ ಸಂಜೆಯ ಕಾಲೇಜಿನಲ್ಲಿ ಯಾರಾದರೂ ಮಾತನಾಡಿಸಿದರೆ ನಾನು ಕಚ್ಚಲು ಹೋಗುತ್ತೇನೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಅವರು ಹೇಳುವುದು ಸ್ವಲ್ಪ ಹೆಚ್ಚು. ಆದರೆ ಬಹಳ ಹೆಚ್ಚಲ್ಲ.

ತಪ್ಪು ಹೊಟ್ಟೆಯದು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದಗುಳೂ ಹೋಗುವಂತಿಲ್ಲ. ಓಣಿಯ ಹುಡುಗರೆಲ್ಲ ಕ್ರಿಕೆಟ್ ಆಡುತ್ತಿರುವಾಗ, ಸರಿಯಾಗಿ ನನ್ನ ಬ್ಯಾಟಿಂಗ್ ಬಂದಾಗ, ಅವ್ವ ಬಾಗಿಲಿಗೆ ಬಂದು "ಬಾರೋ, ಹೊತ್ತ ಮುಣಗತೈತಿ" ಎಂದು ಕೂಗುತ್ತಿದ್ದಳು. ಬೆಳಗಾವಿಯ ಚಳಿಗಾಲದ ಸೂರ್ಯನೋ, ಬಾಡಿಗೆ ಬಾಕಿ ಇರಿಸಿಕೊಂಡವನಂತೆ ಆರಕ್ಕೆಲ್ಲ ಜಾಗ ಖಾಲಿ ಮಾಡುತ್ತಿದ್ದ. ನನ್ನ ಬಾಲ್ಯದ ಒಂದು ಇನ್ನಿಂಗ್ಸೂ ಪೂರ್ತಿಯಾಗಿಲ್ಲ. ಮುಂದೆ ಧಾರವಾಡದ ಹಾಸ್ಟೆಲಿಗೆ ಹೋದ ಮೊದಲ ವಾರವೇ ರಾತ್ರಿ ಒಂಬತ್ತಕ್ಕೆ, ಅದೂ ನಮಗೆ ನಿಷಿದ್ಧವಾದ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹಾಕಿದ ಪಲ್ಯ ಉಂಡೆ. ಕ್ರಾಂತಿ ಮಾಡಿದೆನೆಂದು ತಿಳಿದೆ. ಬೆಳಗಿನವರೆಗೆ ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡಿದೆ. ಆಮೇಲೆ ಇತಿಹಾಸ ಓದಿದೆ, ದೇವರು, ನೇಮ, ಉಪವಾಸ ಎಲ್ಲವನ್ನೂ ಪ್ರಶ್ನಿಸಿ ಒಂದೊಂದಾಗಿ ಬಿಟ್ಟೆ. ಆದರೆ ಈ ಸುದ್ದಿಯನ್ನು ಹೊಟ್ಟೆಗೆ ಯಾರೂ ತಿಳಿಸಲಿಲ್ಲ. ತಲೆ ಎಲ್ಲವನ್ನೂ ಬಿಟ್ಟು ಇಪ್ಪತ್ತು ವರ್ಷವಾಯಿತು, ಹೊಟ್ಟೆ ಇನ್ನೂ ಬಸದಿಯ ಕಟ್ಟೆಯ ಮೇಲೇ ಕೂತಿದೆ.

ಇಷ್ಟಕ್ಕೇ ಮುಗಿದಿದ್ದರೆ ನಗುವ ವಿಷಯವಾಗುತ್ತಿತ್ತು. ಆದರೆ ಈ ಹೊತ್ತು ಮುಳುಗುವ ಲೆಕ್ಕದಿಂದಾಗಿಯೇ ನನ್ನ ಅಪ್ಪ ಅರವತ್ತೇಳನೆಯ ವಯಸ್ಸಿನಲ್ಲಿ ಎರಡನೆಯ ಮದುವೆ ಮಾಡಿಕೊಂಡ.

ಅಪ್ಪನಿಗೆ ಮಚ್ಛೆಯಲ್ಲಿ ಕಬ್ಬಿಣ ಕಡೆಯುವ ಎರಡು ಲೇಥ್ ಮಶಿನ್ ಇದ್ದ ಸಣ್ಣ ವರ್ಕ್‌ಶಾಪ್ ಇತ್ತು. ಈಗ ಅದನ್ನು ಅಕ್ಕನ ಗಂಡ ನೋಡಿಕೊಳ್ಳುತ್ತಾನೆ. ಅಕ್ಕ ಇರುವುದೂ ಮಚ್ಛೆಯಲ್ಲೇ. ಅವ್ವ ತೀರಿಕೊಂಡ ಮರುವರ್ಷ ಖಾನಾಪುರದ ಹಿಟ್ಟಿನ ಗಿರಣಿಯೊಂದರ ಶಾಫ್ಟು ರಿಪೇರಿಗೆ ಬಂತು. ಹೊತ್ತು ಹೋಗದ ಅಪ್ಪ ಅದನ್ನು ತಾನೇ ತಿರುವಿ, ತಾನೇ ಬಸ್ಸಿನಲ್ಲಿ ಒಯ್ದು, ತಾನೇ ಕೂಡಿಸಿದ. ಕೆಲಸ ಮುಗಿಯುವಾಗ ಐದೂಕಾಲು. ಬೆಳಗಾವಿ ಮುಟ್ಟುವುದರೊಳಗೆ ಕತ್ತಲಾಗುತ್ತದೆ, ಆಮೇಲೆ ಈ ಮನುಷ್ಯ ಉಣ್ಣುವುದಿಲ್ಲ. ಗಿರಣಿಯ ಒಡತಿ ಸುನಂದಾಬಾಯಿ, ಗಂಡನನ್ನು ಕಳೆದುಕೊಂಡು ಹದಿನೈದು ವರ್ಷದಿಂದ ಒಬ್ಬರೇ ಗಿರಣಿ ನಡೆಸುತ್ತಿದ್ದವರು, ಅವರೂ ನಮ್ಮಂತೆಯೇ ನೇಮದವರು, "ಉಂಡ ಹೋಗ್ರಿ" ಎಂದರು. ಅಪ್ಪ ಉಂಡ. ಆ ಗಿರಣಿಯ ಶಾಫ್ಟು ಆಮೇಲೆ ಪದೇ ಪದೇ ಕೆಡತೊಡಗಿತು. ನಲವತ್ತು ವರ್ಷ ಲೇಥಿನ ಮುಂದೆ ನಿಂತವನ ಕೆಲಸ ಅಷ್ಟು ಸಲ ಹೇಗೆ ಕೆಡುತ್ತದೆ ಎಂದು ನಾನಾಗಲೇ ಕೇಳಬೇಕಿತ್ತು. ಸಂಶಯ ಪಡುವುದು ನನ್ನ ಕಸುಬು. ಬೇಕಾದ ಕಡೆ ಅದು ನೆಟ್ಟಗೆ ಕೆಲಸ ಮಾಡಿದ್ದಿಲ್ಲ.

ಒಂದು ಆದಿತ್ಯವಾರ ಅಪ್ಪ ಪೇಪರ್ ಮಡಿಚಿಟ್ಟು, "ಒಂದ ಲಗ್ನಾ ಮಾಡಿ ಮುಗಸಬೇಕಂತ ಮಾಡೇನಿ" ಎಂದ.

ನನಗೆ ನಲವತ್ನಾಲ್ಕು. ಮದುವೆಯಾಗಿಲ್ಲ. "ನನಗ ಬ್ಯಾಡಂತ ಎಷ್ಟ ಸಲ ಹೇಳಬೇಕಪ್ಪಾ" ಎಂದೆ.

"ನಿಂದಲ್ಲೋ. ನಂದು."

ನೀವು ನಗುತ್ತಿದ್ದೀರಿ. ಊರೂ ನಕ್ಕಿತು. ಮಗನಿಗೆ ಒಂದೂ ಇಲ್ಲ, ಅಪ್ಪನಿಗೆ ಎರಡು. ನಾನು ಮಾತ್ರ ನಗಲಿಲ್ಲ. ಮದುವೆಗೆ ಹೋಗಲಿಲ್ಲ. ಬಸದಿಯಲ್ಲಿ ಹತ್ತು ಜನರೆದುರು ಅವರು ಹಾರ ಹಾಕಿಕೊಳ್ಳುವಾಗ ನಾನು ರಾಮತೀರ್ಥ ನಗರದ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಆ ಕಟ್ಟಿನಲ್ಲಿ ಯಾರೂ ಪಾಸಾಗಿರಲಿಕ್ಕಿಲ್ಲ.

ಮಧ್ಯಾಹ್ನ ಮೂರಕ್ಕೆ ಅವರು ಮನೆಗೆ ಬಂದರು. ಅಕ್ಕ ಹೊಸ್ತಿಲಲ್ಲಿ ಆರತಿ ಮಾಡಿದಳು. ಸುನಂದಾಬಾಯಿಯ ಕೈಯಲ್ಲಿ ಒಂದು ಹಾಲಿನ ಪಾಕೀಟು ಇತ್ತು. ಹೊಸದಾಗಿ ಬಂದವರು ಮೊದಲು ಹಾಲು ಉಕ್ಕಿಸಬೇಕಲ್ಲ. ಅವರು ಅಡುಗೆಮನೆಯ ಕಡೆ ನಡೆದರು. ನಾನು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈಗಳನ್ನು ಚೌಕಟ್ಟಿಗೆ ಊರಿ, ನಾಟಕ ಕಂಪನಿಯ ದ್ವಾರಪಾಲಕನ ಹಾಗೆ.

"ಇಲ್ಲೆ ಬ್ಯಾಡ್ರಿ. ಇದು ನಮ್ಮವ್ವನ ಅಡಗಿಮನಿ."

ಅವರು ನನ್ನ ಮುಖ ನೋಡಲಿಲ್ಲ, ಹಾಲಿನ ಪಾಕೀಟು ನೋಡಿದರು. ಆಮೇಲೆ ಅದನ್ನು ನನ್ನ ಕೈಗೇ ಕೊಟ್ಟು, "ಹಂಗಾರ ನೀವ ಕಾಸ್ರಿ. ಬಿಸಲಾಗ ಬಂದೈತಿ, ಒಡದೀತು" ಎಂದರು.

ಮನೆ ಅಪ್ಪ ಕಟ್ಟಿಸಿದ್ದು. 'ಸರಿ ಬಾಜೂಕ' ಎಂದು ಅಪ್ಪ ಒಂದು ಮಾತು ಹೇಳಿದ್ದರೆ ನಾನು ಸರಿಯಬೇಕಾಗುತ್ತಿತ್ತು. ಆತ ಹೇಳಲಿಲ್ಲ. ಒಳಗೆ ಹೋಗಿ ಬಿಪಿ ಗುಳಿಗೆ, ಎರಡು ಜೊತೆ ಬಟ್ಟೆ, ಮತ್ತೆ ಕಬ್ಬಿಣ ಅಳೆಯುವ ತನ್ನ ವರ್ನಿಯರ್ ಕ್ಯಾಲಿಪರ್ ಚೀಲದಲ್ಲಿ ಹಾಕಿಕೊಂಡು, ಹೊಸ ಹೆಂಡತಿಯ ಜೊತೆ ಖಾನಾಪುರದ ಬಸ್ ಹತ್ತಿದ. ಹಾಲು ನಾನು ಕಾಯಿಸಲಿಲ್ಲ. ಒಡೆಯಿತು.

ಹನ್ನೊಂದು ತಿಂಗಳು ನಾನೂ ಅಪ್ಪನೂ ಮಾತನಾಡಲಿಲ್ಲ. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ಬುದ್ಧಿ ಹೇಳುತ್ತಿದ್ದಳು. ನಾನು ಕೇಳುತ್ತಿರಲಿಲ್ಲ. ಯಾಕೆಂದರೆ ನನ್ನ ಹತ್ತಿರ ಒಂದು ಸಾಕ್ಷ್ಯವಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ, ಆದರೆ ದಿನಾ ರಾತ್ರಿ ತೆಗೆದು ಒರೆಸಿ ಇಡುತ್ತಿದ್ದೆ.

ಅವ್ವ ಕೊನೆಯ ಒಂಬತ್ತು ದಿನ ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯ ಆಪರೇಶನ್ ಆಗಿತ್ತು. ಕಿಟಕಿಯ ಪಕ್ಕದ ಮಂಚ, ನೀಲಿ ಪರದೆ. ನನ್ನ ಕೈ ಹಿಡಿದುಕೊಂಡು ಅವಳು ಹೇಳಿದ್ದಳು: "ನನ್ನ ಅಡಗಿ ಮನ್ಯಾಗ ಯಾರನ್ನೂ ಬಿಡಬ್ಯಾಡ." ನನಗೆ ಸ್ಪಷ್ಟವಾಗಿ ನೆನಪಿತ್ತು. ಬಾಗಿಲಿಗೆ ಅಡ್ಡ ನಿಂತದ್ದು ನಾನಲ್ಲ, ಆ ಮಾತು. ನಾನು ಹಟಮಾರಿಯಲ್ಲ, ಆಜ್ಞಾಧಾರಕ. ಹೀಗೆ ತಿಳಿದುಕೊಂಡರೆ ಸಿಟ್ಟು ಎಷ್ಟು ತಿಂಗಳಾದರೂ ಕೆಡದೆ ಉಳಿಯುತ್ತದೆ.

ಜನವರಿಯ ಒಂದು ಶನಿವಾರ ಕಾಲೇಜಿನ ಗುಮಾಸ್ತ, ಖಾನಾಪುರದವನು, ರಜೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳುತ್ತ ಹೇಳಿದ. "ಸರ್, ನಿಮ್ಮ ತಂದಿಯವರು ನಮ್ಮೂರ ಮನಿ ಅಳಿಯ ಆಗ್ಯಾರ ನೋಡ್ರಿ. ಮೊನ್ನೆ ನಮ್ಮ ಗೋದಿ ಅವರ ಬೀಸಿ ಕೊಟ್ರು. ಭಾಳ ಚಲೋ ಬೀಸ್ತಾರ್ರಿ."

ಹೊಗಳಿಕೆಯೇ ಅದು. ಆದರೆ ಅರವತ್ತೆಂಟು ವರ್ಷದ ಮನೆ ಅಳಿಯನ ಮಗನಾಗಿ ಅದನ್ನು ಕೇಳುವುದು ಹೇಗಿರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಪಾಠ ಬಿಟ್ಟು ನಾಲ್ಕಕ್ಕೇ ಬಸ್ ನಿಲ್ದಾಣಕ್ಕೆ ನಡೆದೆ. ಮಚ್ಛೆ ದಾಟುವಾಗ ಅಪ್ಪನ ಹಳೆಯ ವರ್ಕ್‌ಶಾಪಿನ ಕಡೆ ಬೇಕೆಂದೇ ನೋಡಲಿಲ್ಲ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿದೆ. ಒಳ್ಳೆಯ ಮಾತುಗಳಿದ್ದವು. ಬಸ್ಸು ಎರಡು ಕಡೆ ತಡವಾಗಿ, ಗಿರಣಿ ಮುಟ್ಟುವಾಗ ಆರಕ್ಕೆ ಹತ್ತು ನಿಮಿಷ. ಅಂದರೆ ನನ್ನ ಹಸಿವಿನ ಹೊತ್ತು.

ಗಿರಣಿ ಮುಂದೆ, ಮನೆ ಹಿಂದೆ. ಅಪ್ಪ ಬಾಯಿಗೆ ವಸ್ತ್ರ ಕಟ್ಟಿಕೊಂಡು ಹಿಟ್ಟಿನ ಚೀಲ ಹಿಡಿದಿದ್ದ. ಹುಬ್ಬು, ಕಿವಿ, ಕೈಯ ಕೂದಲು ಎಲ್ಲ ಬಿಳಿ. ಹೆಣ್ಣುಮಗಳೊಬ್ಬಳು ಮರಾಠಿಯಲ್ಲಿ "ಕಾಕಾ, ಬಾರೀಕ ದಳೂನ ದ್ಯಾ" ಎಂದು ಸಣ್ಣ ಹಿಟ್ಟು ಕೇಳುತ್ತಿದ್ದಳು. ಅಪ್ಪ "ಹೋ, ಹೋ" ಎನ್ನುತ್ತ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ, ಲೇಥಿನ ಮೇಲೆ ಕಬ್ಬಿಣದ ನುಣುಪು ನೋಡುವ ಹಾಗೆಯೇ. ನನ್ನನ್ನು ಕಂಡು ಮಶಿನ್ ಬಂದ್ ಮಾಡಿದ.

"ಬಂದೀ? ಒಳಗ ನಡಿ. ಹೊತ್ತ ಮುಣಗತೈತಿ, ಉಣ್ಣೂಣು."

ಹನ್ನೊಂದು ತಿಂಗಳ ಮೇಲೆ ಮಗನನ್ನು ನೋಡಿದವನು ಆಡಿದ ಮಾತು ಇಷ್ಟು. ನಾನು ಬಸ್ಸಿನಲ್ಲಿ ಜೋಡಿಸಿದ್ದು ಇದಕ್ಕೆ ಉತ್ತರವಾಗುವಂತಿರಲಿಲ್ಲ.

ಒಳಗೆ ಎರಡು ತಾಟು ಹಾಕಿತ್ತು. ಸುನಂದಾಬಾಯಿ ನನ್ನನ್ನು ನೋಡಿ ಮೂರನೆಯದನ್ನು ತೊಳೆಯತೊಡಗಿದರು. ಜೋಳದ ನುಚ್ಚು, ಮಜ್ಜಿಗೆ, ಅಗಸಿ ಹಿಂಡಿ ಎಂಬ ಅಗಸೆಯ ಚಟ್ನಿಪುಡಿ. ಜೋಳವನ್ನು ಒಡೆದು ಬೇಯಿಸಿದ ನುಚ್ಚಿಗೆ ಮಜ್ಜಿಗೆ ಕಲಸಿಟ್ಟರೆ ಸಂಜೆಯ ಹೊತ್ತಿಗೆ ತಣ್ಣಗೆ ಒಳ್ಳೆಯ ಹದಕ್ಕೆ ಬರುತ್ತದೆ. ಖಾನಾಪುರ ಅಕ್ಕಿಯ ಸೀಮೆ. ಇಲ್ಲಿ ಜೋಳದ ನುಚ್ಚು ಮಾಡುವುದು ಅಪ್ಪನಿಗಾಗಿ ಅಂತ ನೋಡಿದೊಡನೆ ತಿಳಿಯಿತು. ಅದಕ್ಕೂ ಸಿಟ್ಟು ಬಂತು.

"ನಾ ಉಣ್ಣಾಕ ಬಂದಿಲ್ಲ" ಎಂದೆ.

"ಜಗಳಾಡಾಕ ಬಂದೀಯೇನು?" ಅಪ್ಪ ಕೈ ತೊಳೆದು ಕೂತ. "ಉಂಡ ಮ್ಯಾಲೆ ಆಡೂಣಂತ. ಅದಕ್ಕೇನ ಹೊತ್ತ ಬೇಕಾಗಿಲ್ಲ."

ನಾನು ಕೂಡಲಿಲ್ಲ. ನಿಂತೇ ಶುರು ಮಾಡಿದೆ. ಬಂದ ಮಗ ಉಣ್ಣದೆ ನಿಂತಿರುವಾಗ ಅಪ್ಪ ತುತ್ತು ಎತ್ತಲಿಲ್ಲ. ಅಪ್ಪ ಎತ್ತದಿದ್ದಾಗ ಸುನಂದಾಬಾಯಿಯೂ ಎತ್ತಲಿಲ್ಲ. ಇದನ್ನು ನಾನು ಆಗ ಗಮನಿಸಲಿಲ್ಲ.

"ಈ ವಯಸ್ಸಿನಾಗ ಮನಿ ಅಳಿಯ ಆಗೀದಿ. ನಾಚಿಕಿ ಬರಂಗಿಲ್ಲ ನಿನಗ?"

"ಬರತೈತಿ. ಗಿರಾಕಿ ಇದ್ದಾಗ ಬರಂಗಿಲ್ಲ. ಖಾಲಿ ಕುಂತಾಗ ಬರತೈತಿ."

"ಅವ್ವ ಹೋಗಿ ಎರಡ ವರ್ಷ ಆಗಿತ್ತು. ಎರಡ ವರ್ಷ ತಡಕೊಳ್ಳಾಕ ಆಗಲಿಲ್ಲ?"

ಅಪ್ಪ ತಲೆಯೆತ್ತಿದ. "ಆ ಎರಡ ವರ್ಷ ನಾ ಸಂಜಿಗೆ ಏನ ಉಣತಿದ್ದೆ? ಹೇಳ ನೋಡೂಣು."

"ನಾ ಮಾಡಿ ಮುಚ್ಚಿ ಇಡತಿದ್ದೆ."

"ಎಷ್ಟಕ್ಕ ಮಾಡತಿದ್ದಿ?"

ಸಂಜೆಯ ಕಾಲೇಜು ಮುಗಿಸಿ ನಾನು ಬರುತ್ತಿದ್ದುದು ಎಂಟಕ್ಕೆ. ಅನ್ನ ಸಾರು ಮಾಡಿ, ನಾನುಂಡು, ಆತನ ಪಾಲನ್ನು ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ಅದು ಹಾಗೇ ಇರುತ್ತಿತ್ತು. ಅನ್ನ ಕೆಡಿಸುತ್ತಾನಲ್ಲ ಎಂದು ನಾನು ಬೈದದ್ದೂ ಉಂಟು. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ, ಐದೂವರೆಗೆ ಹೊಟ್ಟೆ ಚುರ್ ಎನ್ನುವ ನನಗೆ, ಎಂಟರ ಅನ್ನವನ್ನು ಅಪ್ಪ ಉಣ್ಣುವುದಿಲ್ಲ ಎಂಬುದು ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಿದ್ದೆನೋ?

"ಐದಕ್ಕ ಎರಡ ಬಾಳಿಹಣ್ಣು, ಒಂದ ಲೋಟ ಹಾಲು" ಎಂದ ಅಪ್ಪ. "ನಿನ್ನ ಮ್ಯಾಲೆ ಸಿಟ್ಟಿಲ್ಲಪಾ. ನಿನ್ನ ಡ್ಯೂಟಿ ಹಂಗ ಇತ್ತು. ಆದರ ನೀ ಎಂದೂ ಕೇಳಲಿಲ್ಲ."

ಸಿಟ್ಟಿಲ್ಲ ಎಂದಾಗ ನನ್ನ ಸಿಟ್ಟು ದುಪ್ಪಟ್ಟಾಯಿತು. ಮೂಲೆಗೆ ಬಿದ್ದವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ನಾನು ಮೂರು ವರ್ಷ ಒರೆಸಿಟ್ಟಿದ್ದನ್ನು ಎಸೆದೆ.

"ಅವ್ವ ದವಾಖಾನ್ಯಾಗ ನನ್ನ ಕೈ ಹಿಡದು ಹೇಳ್ಯಾಳ, ನನ್ನ ಅಡಗಿ ಮನ್ಯಾಗ ಯಾರನ್ನೂ ಬಿಡಬ್ಯಾಡಂತ. ಆಕಿ ಕಡೀ ಮಾತು ಅದು. ನೀ ಆಕಿ ಮಾತು ಮುರದಿ."

ಅಪ್ಪನ ಮುಖ ಬಿಳುಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ಹಿಟ್ಟಿನಿಂದ ಅದು ಆಗಲೇ ಬಿಳಿಯಾಗಿತ್ತು. ಆತ ನನ್ನನ್ನೇ ನೋಡಿದ, ಶಾಫ್ಟಿನಲ್ಲಿ ಸೀಳು ಎಲ್ಲಿದೆ ಎಂದು ಹುಡುಕುವವನಂತೆ.

"ಯಾರನ್ನೂ ಅಂದಿಲ್ಲೋ ಆಕಿ. ನಿನ್ನ ಬಿಡಬ್ಯಾಡ್ರಿ ಅಂದಿದ್ಲು."

"ಏನು?"

"ನಿನ್ನ. ಉಳ್ಳಾಗಡ್ಡಿ ಹುರದಿದ್ಯಲ್ಲ, ಅದಕ್ಕ."

ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುವುದು ಇದನ್ನೇ. ಒಂದೇ ಸಾಕ್ಷಿಯನ್ನು ನಂಬಬೇಡಿ, ಅದರಲ್ಲೂ ಲಾಭ ಇರುವ ಸಾಕ್ಷಿಯನ್ನು. ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಅಪ್ಪನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅಕ್ಕಾ, ಅವ್ವ ದವಾಖಾನ್ಯಾಗ ಅಡಗಿಮನಿ ಬಗ್ಗೆ ಏನ ಅಂದಿದ್ಲು?"

"ಯಾವಾಗ? ನೀ ಉಳ್ಳಾಗಡ್ಡಿ ವಾಸನಿ ಡಬ್ಬಿ ತಂದಿದ್ಯಲ್ಲ, ಅವತ್ತೇನು?" ಅಕ್ಕ ಆಗಲೇ ನಗುತ್ತಿದ್ದಳು. "ನಾವಿಲ್ಲದಾಗ ಮನ್ಯಾಗ ಹುರಕೊಂಡ ತಿಂದು, ಅದ ಕೈಲೇ ಆಕಿಗೆ ಗಂಜಿ ಮಾಡಿ ತಂದಿದ್ದಿ. ಮುಚ್ಚಳ ತಗದ ಕೂಡಲೇ ಗೊತ್ತಾತು ಆಕಿಗೆ. 'ಈ ಪ್ರೊಫೆಸರನ್ನ ನನ್ನ ಅಡಗಿ ಮನ್ಯಾಗ ಬಿಡಬ್ಯಾಡ್ರಿ' ಅಂದ್ಲು. ಎಲ್ಲಾರೂ ಎಷ್ಟ ನಕ್ಕಿವಿ. ಆಕಿನೂ ನಕ್ಕು, ಹೊಲಿಗಿ ನೂಸ್ತಾವ ನಗಸಬ್ಯಾಡ್ರಿ ಅಂತ ಹೊಟ್ಟಿ ಹಿಡಕೊಂಡ್ಲು. ಯಾಕ, ಈಗ್ಯಾಕ ಕೇಳಾಕತ್ತಿ? ಎಲ್ಲಿ ಅದೀ?"

"ಖಾನಾಪುರದಾಗ."

ಆ ಕಡೆ ನಗು ನಿಂತಿತು. "ಉಂಡೀಯೇನು?" ಎಂದಳು.

ಹೊಟ್ಟೆ ಹಿಡಿದುಕೊಂಡ ಆ ಕೈ. ನನ್ನ ನೆನಪಿನಲ್ಲಿ ಅದು ನನ್ನ ಕೈ ಹಿಡಿದಿತ್ತು. ಎಲ್ಲರ ನಗುವನ್ನೂ, ಉಳ್ಳಾಗಡ್ಡಿಯನ್ನೂ ನಾನು ಕತ್ತರಿಸಿ ಎಸೆದಿದ್ದೆ. ನನ್ನ ಹೆಸರಿದ್ದ ಕಡೆ 'ಯಾರನ್ನೂ' ಎಂದು ಬರೆದುಕೊಂಡಿದ್ದೆ. ಬೇಕೆಂದೇ ಮಾಡಿದೆನೆ? ಇಲ್ಲ. ಆದರೆ ಬೇಕಾಗಿಯೇ ಮಾಡಿದೆ. ಆ ಪರದೆ ನೀಲಿಯಾಗಿತ್ತೋ ಇಲ್ಲವೋ, ಅಕ್ಕನನ್ನು ಕೇಳುವ ಧೈರ್ಯ ಇವತ್ತಿಗೂ ಆಗಿಲ್ಲ.

ಫೋನ್ ಇಟ್ಟು ತಿರುಗುವಾಗ ಸುನಂದಾಬಾಯಿ ಎದ್ದು ದೀಪ ಹಾಕಿದರು. ಕರೆಂಟು ಹೋಯಿತು ಎನ್ನುವಷ್ಟೇ ಸಾದಾ ದನಿಯಲ್ಲಿ, "ಹೊತ್ತ ಮುಣಗಿತು" ಎಂದರು.

ಆಗ ನಾನು ತಾಟುಗಳನ್ನು ನೋಡಿದೆ. ಮೂರೂ ಬಡಿಸಿದ ಹಾಗೇ ಇದ್ದವು. ಅಪ್ಪ ಬೆಳಗಿನಿಂದ ಗಿರಣಿಯಲ್ಲಿ ನಿಂತವನು. ಆಕೆಯೂ ಅಷ್ಟೇ. ಇನ್ನು ನಾಳೆ ಬೆಳಗಿನವರೆಗೆ ಇಬ್ಬರಿಗೂ ಏನೂ ಇಲ್ಲ. ಅಪ್ಪನನ್ನು ಎರಡು ವರ್ಷ ಸಂಜೆ ಹಸಿದಿರಿಸಿದವನು, ಹನ್ನೊಂದು ತಿಂಗಳ ಮೇಲೆ ಇಪ್ಪತ್ತಾರು ಕಿಲೋಮೀಟರ್ ಪ್ರಯಾಣ ಮಾಡಿ ಬಂದು ಮತ್ತೊಂದು ಸಂಜೆ ಹಸಿದಿರಿಸಿದೆ. ಈ ಸಲ ಜೊತೆಗೆ ಇನ್ನೊಬ್ಬರನ್ನು ಸೇರಿಸಿಕೊಂಡು.

"ಉಣ್ಣು ತಮ್ಮಾ" ಎಂದರು ಸುನಂದಾಬಾಯಿ. "ನಮ್ಮದ ಆತು. ನಿನಗ ನೇಮಾ ಇಲ್ಲಂತಲ್ಲ, ನಿಮ್ಮಪ್ಪ ಹೇಳ್ಯಾರ. ನಾಳಿಗೆ ಇಟ್ರ ನಾವ ಉಣ್ಣಂಗಿಲ್ಲ. ಸುಮ್ನ ಚೆಲ್ಲಬೇಕಾಗತೈತಿ."

"ನಂದೂ ಉಣ್ಣು" ಎಂದು ಅಪ್ಪ ತನ್ನ ತಾಟನ್ನು ನನ್ನ ಕಡೆ ಸರಿಸಿದ.

ಇದಕ್ಕಿಂತ ದೊಡ್ಡ ಶಿಕ್ಷೆ ಯಾರಾದರೂ ಯೋಚಿಸಿ ಕೊಟ್ಟಿದ್ದರೆ ನಾನು ಎದ್ದು ಹೋಗಬಹುದಿತ್ತು. ಇವರು ಶಿಕ್ಷೆ ಎಂದು ಕೊಟ್ಟದ್ದಲ್ಲ. ಅನ್ನ ಕೆಡಬಾರದು, ಅಷ್ಟೇ. ಕೂತೆ. ನುಚ್ಚು ತಣ್ಣಗಿತ್ತು, ಹುಳಿ ಮಜ್ಜಿಗೆ ಕುಡಿದು ಮೆತ್ತಗಾಗಿತ್ತು, ಆದರೂ ಕಾಳು ಹಲ್ಲಿಗೆ ಸಿಗುತ್ತಿತ್ತು. ಹಿಂಡಿಯಲ್ಲಿ ಬೆಳ್ಳುಳ್ಳಿ ಇಲ್ಲ, ಇಂಗು ಇತ್ತು. ಅವ್ವ ಮಾಡುತ್ತಿದ್ದ ಹಾಗೆಯೇ ಇತ್ತು ಎಂದು ಬರೆಯಲು ಕೈ ಹೋಗುತ್ತದೆ. ನನ್ನ ನೆನಪಿನ ಮೇಲೆ ನನಗೀಗ ಅಷ್ಟು ಭರವಸೆಯಿಲ್ಲ. ಹಸಿದಿದ್ದೆ, ಹೊಟ್ಟೆಗೆ ತಂಪಾಯಿತು. ಇಷ್ಟಂತೂ ನಿಜ. ಹಸಿದ ಇಬ್ಬರು ಎದುರಿಗೆ ಕೂತು ನೋಡುತ್ತಿರುವಾಗ ಮೂರು ತಾಟನ್ನೂ ಖಾಲಿ ಮಾಡಿದೆ. ಕಣ್ಣೀರು ಬಂತೆಂದು ತಿಳಿಯಬೇಡಿ. ಬಂದದ್ದು ಸಿಟ್ಟು. ಆದರೆ ಅದು ಯಾರ ಮೇಲೆ ಎಂಬುದರಲ್ಲಿ ಮೊದಲ ಸಲ ಸಂಶಯವಿರಲಿಲ್ಲ.

"ಚಲೋ ಆಗೇತೇನೋ?" ಎಂದ ಅಪ್ಪ. ಆತನ ಕಣ್ಣು ತಾಟಿನ ಮೇಲಿತ್ತು.

"ಉಪ್ಪು ಕಡಿಮಿ ಆಗೇತಿ."

"ಡಾಕ್ಟರ್ ಅವರಿಗೆ ಉಪ್ಪು ಕಡಿಮಿ ಮಾಡ ಅಂದಾರ" ಎಂದರು ಸುನಂದಾಬಾಯಿ. ನಾನು ಎರಡು ವರ್ಷ ಅಪ್ಪನಿಗೆ ಮಾಡಿಟ್ಟ ಸಾರಿನಲ್ಲಿ ಉಪ್ಪು ಎಷ್ಟಿತ್ತೆಂದು ಯೋಚಿಸದಿರಲು ಪ್ರಯತ್ನಿಸಿದೆ.

ಕೈ ತೊಳೆದು ಬಂದು ಹೇಳಿದೆ. "ಇಬ್ಬರೂ ರಾಮತೀರ್ಥ ನಗರಕ್ಕ ಬರ್ರಿ. ಅಡಗಿಮನಿ ಬಾಗಲದಾಗ ಯಾರೂ ನಿಲ್ಲಂಗಿಲ್ಲ."

"ನೋಡೂಣು" ಎಂದರು ಅವರು. "ಗಿರಣಿ ಬಿಟ್ಟ ಬರಾಕ ಹೆಂಗ ಆಗತೈತಿ. ಅಮಾಸಿಗೆ ಗಿರಣಿ ಬಂದ್ ಇರತೈತಿ. ಅವತ್ತ ಬರತೇವಿ. ನೀ ಐತವಾರಕ್ಕೊಮ್ಮೆ ಇಲ್ಲಿ ಬಾ." ಕ್ಷಮಿಸಿದೆ ಎಂದಾಗಲಿ, ಪರವಾಗಿಲ್ಲ ಎಂದಾಗಲಿ ಹೇಳಲಿಲ್ಲ. ನಾನೂ ಕೇಳಿರಲಿಲ್ಲವಲ್ಲ.

ಅವತ್ತು ಅಲ್ಲೇ ಉಳಿದೆ. ಅವರಿಬ್ಬರೂ ಉಣ್ಣುವುದನ್ನು ಕಣ್ಣಾರೆ ನೋಡದೆ ಹೋಗಬಾರದು ಎನ್ನಿಸಿತು. ಬೆಳಿಗ್ಗೆ ಆರೂವರೆಗೆ ಎದ್ದು ಬಂದರೆ ಇಬ್ಬರೂ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದರು. ಖಾನಾಪುರದ ಮಂಜು ಎದುರಿನ ಅಂಗಡಿಯನ್ನೂ ನುಂಗಿತ್ತು. ದೀಪದ ಸಹಾಯವಿಲ್ಲದೆ ಅಂಗೈಯ ಗೆರೆ ಕಾಣುವಷ್ಟು ಬೆಳಕಾಗುವವರೆಗೆ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಏಳಾಯಿತು. ಏಳೂಕಾಲಾಯಿತು. ಮಂಜು ಕದಲಲಿಲ್ಲ. ಒಳಗೆ ಕಡಾಯಿಯ ಪಕ್ಕ ರವೆ, ಹಾಲು, ಎಲ್ಲ ಸಿದ್ಧವಿತ್ತು. ಅಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಪಂಚಾಂಗದ ಪ್ರಕಾರ ಸೂರ್ಯ ಹುಟ್ಟಿ ಹೊತ್ತಾತು" ಎಂದು ನಾನು ಸಿಡುಕಿದೆ. "ಮಂಜಿಗೇನ ಗೊತ್ತಾಗತೈತಿ?"

"ಪಂಚಾಂಗ ನೋಡಂಗಿಲ್ಲಪಾ ನಾವು. ಅಂಗೈ ನೋಡತೇವಿ" ಎಂದರು ಸುನಂದಾಬಾಯಿ. ತಮ್ಮ ಅಂಗೈಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ನನಗಂತೂ ಮೋತಿಬಿಂದು, ಕಣ್ಣಿಗೆ ಪೊರಿ ಬಂದೈತಿ. ನಿಮ್ಮಪ್ಪಗ ಚಶ್ಮಾ ಇದ್ರೂ ಅಷ್ಟಕ್ಕಷ್ಟ. ನಿನ್ನ ಕಣ್ಣ ಚಲೋ ಅದಾವ, ನೀನ ನೋಡಿ ಹೇಳು."

ಅಂಗೈಯನ್ನು ನನ್ನ ಮುಂದೆ ಚಾಚಿದರು. ಕಾಳು ತೂರಿ ತೂರಿ ದಡ್ಡುಗಟ್ಟಿದ ಕೈ. ಎಷ್ಟು ತೊಳೆದರೂ ಹೋಗದ ಹಿಟ್ಟು ಚರ್ಮದಲ್ಲಿ ಕೂತಿತ್ತು. ನಾನು ಬಗ್ಗಿ ನೋಡಿದೆ. ಎಲ್ಲವೂ ಬೂದು ಬಣ್ಣ. ಗೆರೆಯೋ, ನೆರಿಗೆಯೋ, ಹಿಟ್ಟೋ ತಿಳಿಯುವಂತಿರಲಿಲ್ಲ. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ.

ಕಾಣದ್ದನ್ನು ಕಂಡೆನೆಂದು ನಾನು ಎಲ್ಲಿಯೂ ಹೇಳುವವನಲ್ಲ.

"ಕಾಣಸ್ತಾವ" ಎಂದೆ. "ಒಲಿ ಹಚ್ಚ್ರಿ."

ಅವರು ನನ್ನ ಮಾತು ನಂಬಿ ಒಳಗೆ ಹೋದರು.